ಖಟಖಟ ಸದ್ದಿನ ಹಿಂದೆ: ಆಪಲ್ ಟು ಫ್ಲಾಪಿಯಿಂದ ಬೂಟ್ ಆಗುವ ಬಗೆ

ಹಳೆಯ ಮನೆ ಕಂಪ್ಯೂಟರ್ ಆಪಲ್ ಟು ಪ್ಲಸ್‌ನ ಸ್ವಿಚ್ ಹಾಕಿದರೆ ಮೊದಲು ಒಂದು ಬೀಪ್. ಪರದೆಯ ನೆತ್ತಿಯಲ್ಲಿ ಯಂತ್ರದ ಹೆಸರು ಮೂಡುತ್ತದೆ, ಫ್ಲಾಪಿ ಡ್ರೈವಿನ ಕೆಂಪು ದೀಪ ಹೊತ್ತಿಕೊಳ್ಳುತ್ತದೆ, ಮೋಟಾರು ಗುಂಯ್ ಎನ್ನುತ್ತದೆ, ಬೆನ್ನಿಗೇ ಖಟಖಟಖಟ ಎಂದು ಏನೋ ಬಡಿದುಕೊಳ್ಳುವ ಸದ್ದು. ಮೊದಲ ಸಲ ಕೇಳಿದವರು ಡ್ರೈವ್ ಕೆಟ್ಟೇ ಹೋಯಿತು ಎಂದುಕೊಳ್ಳುತ್ತಾರೆ. ನಿಜಕ್ಕೂ ಆ ಸದ್ದು ಕೇಳಿಸಿದರೆ ನಿರಾಳವಾಗಬೇಕು. ಪ್ರೊಸೆಸರ್, ರೋಮ್ (ಕರೆಂಟು ಹೋದರೂ ಅಳಿಯದ ಮೆಮೊರಿ), ಡ್ರೈವಿನ ಕಾರ್ಡ್, ಕೇಬಲ್, ಡಿಸ್ಕನ್ನು ಓದುವ ಹೆಡ್ಡನ್ನು ಸರಿಸುವ ಮೋಟಾರು, ಇಷ್ಟೂ ಬದುಕಿವೆ ಎಂದು ಅದರ ಅರ್ಥ.

ಹಳೆಯ ಯಂತ್ರಗಳು ಡಿಸ್ಕಿನಿಂದ ಆಪರೇಟಿಂಗ್ ಸಿಸ್ಟಮನ್ನು ಒಂದೇ ಏಟಿಗೆ ಎತ್ತಿಕೊಳ್ಳುವುದಿಲ್ಲ, ಹಂತಹಂತವಾಗಿ ಎಳೆದುಕೊಳ್ಳುತ್ತವೆ; ಬೂಟ್ ಆಗುವುದೆಂದರೆ ಇದೇ. ಹಂತ ದಾಟಿದ ಗುರುತು ಕಿವಿಗೋ ಕಣ್ಣಿಗೋ ಸಿಗುತ್ತದೆ. ಯಂತ್ರ ಎಲ್ಲಿ ನಿಂತಿತು ಎಂದು ಹೇಳಬಲ್ಲವರಿಗೆ ಯಾಕೆ ನಿಂತಿತು ಎಂಬುದು ಮುಕ್ಕಾಲು ಪಾಲು ತಿಳಿದ ಹಾಗೆಯೇ. ಇದನ್ನು ತೋರಿಸಲು ಆಪಲ್ ಟು ಮತ್ತು ಅದರ ಆಪರೇಟಿಂಗ್ ಸಿಸ್ಟಮ್ ಡಾಸ್ 3.3ಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ, ಏಕೆಂದರೆ ಇಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಮೊದಲ ಹಂತದ ಪೂರ್ತಿ ಪ್ರೋಗ್ರಾಂ 256 ಬೈಟು ಅಷ್ಟೆ.

ಮುಂದೆ ಡಾಲರ್ ಗುರುತು ಹಾಕಿ ಬರೆದ ಸಂಖ್ಯೆಗಳೆಲ್ಲ ಹೆಕ್ಸ್, ಅಂದರೆ ಹದಿನಾರರ ಎಣಿಕೆಯವು. ಆಪಲ್ ಕೈಪಿಡಿಗಳ ರೂಢಿಯೂ ಅದೇ. ಹತ್ತರಿಂದ ಹದಿನೈದರ ತನಕದ ಅಂಕಿಗಳಿಗೆ ಎ, ಬಿ, ಸಿ, ಡಿ, ಇ, ಎಫ್ ಬಳಸಿದೆ.

ಓದಲು ಕಲಿಸುವವರು ಯಾರು?

ಕರೆಂಟು ಬಂದೊಡನೆ 6502 ಪ್ರೊಸೆಸರಿಗೆ ಗೊತ್ತಿರುವುದು ಒಂದೇ ಕೆಲಸ: $ಎಫ್‌ಎಫ್‌ಎಫ್‌ಸಿ ಮತ್ತು ಅದರ ಮುಂದಿನ ಜಾಗದಲ್ಲಿರುವ ಎರಡು ಬೈಟನ್ನು ವಿಳಾಸವೆಂದು ಓದಿ ಅಲ್ಲಿಗೆ ಹೋಗುವುದು. ರ್ಯಾಮ್‌ನಲ್ಲಿ ಆಗ ಅರ್ಥವಿಲ್ಲದ ಕಸ. ಡಿಸ್ಕನ್ನು ಓದಬಲ್ಲ ಪ್ರೋಗ್ರಾಂ ಇರುವುದು ಡಿಸ್ಕಿನ ಮೇಲೆಯೇ. ಅದನ್ನು ತರಬೇಕಾದರೆ ಡಿಸ್ಕ್ ಓದಲು ಬರಬೇಕು. ಬೀಜ ಮೊದಲೋ ಮರ ಮೊದಲೋ ಎಂಬ ಈ ತೊಡಕನ್ನು ಬಿಡಿಸಲು ಎಲ್ಲಾದರೂ ಒಂದು ಕಡೆ, ಅಳಿಸಿಹೋಗದ ಚಿಪ್ಪಿನಲ್ಲಿ, ಒಂದೇ ಒಂದು ಸೆಕ್ಟರ್ (ಡಿಸ್ಕಿನ ಒಂದು ತುಣುಕು, ಇಲ್ಲಿ 256 ಬೈಟಿನದು) ಓದುವಷ್ಟು ಜಾಣತನವನ್ನು ಇಟ್ಟಿರಲೇಬೇಕು.

ಎಲ್ಲರೂ ಈ ದಾರಿ ಹಿಡಿಯಲಿಲ್ಲ. 1982ರ ಕಮೋಡೋರ್ 64ರಲ್ಲಿ ಬೇಸಿಕ್ ಭಾಷೆ, ಯಂತ್ರವನ್ನು ನಡೆಸುವ ಕರ್ನಲ್ ಎರಡೂ ರೋಮ್‌ನಲ್ಲೇ ಇವೆ. ಅದರ 1541 ಡ್ರೈವಿನೊಳಗೆ ಬೇರೆಯೇ ಒಂದು 6502, 2 ಕೆಬಿ ರ್ಯಾಮ್, 16 ಕೆಬಿ ರೋಮ್ ಇದ್ದು, ಡಿಸ್ಕಿನ ವ್ಯವಹಾರವನ್ನೆಲ್ಲ ಡ್ರೈವೇ ನೋಡಿಕೊಳ್ಳುತ್ತದೆ. ಹಾಗಾಗಿ ಅಲ್ಲಿ ಬೂಟ್ ಎಂಬ ಮಾತೇ ಇಲ್ಲ. ಸ್ವಿಚ್ ಹಾಕಿದರೆ 38911 ಬೈಟು ಖಾಲಿ ಇದೆ ಎಂದು ಹೇಳಿ ಕುಳಿತುಬಿಡುತ್ತದೆ. ಬಿಬಿಸಿ ಮೈಕ್ರೊ ಕೂಡ ಡಿಸ್ಕ್ ಪ್ರೋಗ್ರಾಮನ್ನು ರೋಮ್‌ನಲ್ಲೇ ಇಟ್ಟುಕೊಂಡಿತ್ತು. ನಮ್ಮ ದೇಶದ ಶಾಲೆಗಳಿಗೆ 1984ರಲ್ಲಿ ಶುರುವಾದ, ಕ್ಲಾಸ್ ಎಂಬ ಹೆಸರಿನ ಕಂಪ್ಯೂಟರ್ ಕಲಿಕೆಯ ಯೋಜನೆಯಲ್ಲಿ ಬಂದದ್ದು ಇದೇ ಯಂತ್ರ.

ಆಪಲ್ ದಾರಿ ಇದಕ್ಕೆ ತದ್ವಿರುದ್ಧ. 1978ರಲ್ಲಿ ಆಪಲ್ ಸ್ಥಾಪಕರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ಡಿಸ್ಕ್ ಟು ಎಂಬ ಫ್ಲಾಪಿ ಡ್ರೈವಿಗಾಗಿ ಮಾಡಿದ ಕಂಟ್ರೋಲರ್ ಕಾರ್ಡಿನಲ್ಲಿ ಇದ್ದದ್ದು ಎಂಟು ಚಿಪ್. ಡ್ರೈವಿನಲ್ಲಿ ಪ್ರೊಸೆಸರ್ ಇಲ್ಲ, ಹೆಡ್ ಸೊನ್ನೆಯ ಟ್ರ್ಯಾಕಿಗೆ, ಅಂದರೆ ಡಿಸ್ಕಿನ ತೀರಾ ಹೊರಗಿನ ವೃತ್ತಕ್ಕೆ, ಬಂತೆಂದು ಹೇಳುವ ಸೆನ್ಸರ್ ಇಲ್ಲ, ಡಿಸ್ಕಿನ ನಡುವಿನ ಸಣ್ಣ ಇಂಡೆಕ್ಸ್ ತೂತನ್ನು ನೋಡುವ ಕಣ್ಣೂ ಇಲ್ಲ. ಇವೆಲ್ಲದರ ಕೆಲಸವನ್ನು ಕಂಪ್ಯೂಟರಿನ 6502 ತಾನೇ ಮಾಡಬೇಕು. ಖಟಖಟ ಸದ್ದಿನ ಮೂಲವೂ ಈ ಜಿಪುಣತನವೇ.

ಕಾರ್ಡಿನ ಮೇಲಿನ 256 ಬೈಟು

1979ರ ಟು ಪ್ಲಸ್‌ನಿಂದ ಬಂದ ಆಟೋಸ್ಟಾರ್ಟ್ ರೋಮ್, ಇದು ಹೊಸದಾಗಿ ಕರೆಂಟು ಬಂದದ್ದೋ ಅಥವಾ ಯಾರೋ ರಿಸೆಟ್ ಒತ್ತಿದ್ದೋ ಎಂದು ಮೊದಲು ನೋಡುತ್ತದೆ. $3ಎಫ್3ರಲ್ಲಿರುವ ಬೈಟಿಗೆ $ಎ5 ಜೊತೆ ಬಿಟ್‌ಗೆ ಬಿಟ್ ಹೋಲಿಸುವ ಎಕ್ಸ್‌ಕ್ಲೂಸಿವ್ ಆರ್ ಮಾಡಿದರೆ ಬರುವ ಉತ್ತರ $3ಎಫ್4ರಲ್ಲಿ ಇದೆಯೇ? ಇಲ್ಲದಿದ್ದರೆ ಕರೆಂಟು ಈಗಷ್ಟೇ ಬಂದಿದೆ. ಆಗ ಕಾರ್ಡುಗಳನ್ನು ಸಿಕ್ಕಿಸುವ ಸ್ಲಾಟುಗಳಲ್ಲಿ 7ರಿಂದ 1ರ ಕಡೆಗೆ ಒಂದೊಂದೇ ಕಾರ್ಡನ್ನು ತಡಕುತ್ತದೆ. ಕಾರ್ಡಿನ ರೋಮ್‌ನ 1, 3, 5, 7ನೇ ಬೈಟುಗಳಲ್ಲಿ ಸಾಲಾಗಿ $20, $00, $03, $3ಸಿ ಇದ್ದರೆ ಅದು ಡಿಸ್ಕ್ ಕಾರ್ಡ್. ರೂಢಿಯಂತೆ ಅದು ಇರುವುದು ಸ್ಲಾಟ್ 6ರಲ್ಲಿ, ಅದರ ರೋಮ್ ಕಾಣಿಸುವುದು $ಸಿ600ರಲ್ಲಿ. 1977ರ ಮೂಲ ಆಪಲ್ ಟುವಿನಲ್ಲಿ ಈ ಹುಡುಕಾಟ ಇಲ್ಲ. ಬೇಸಿಕ್‌ನಲ್ಲಿ ಪಿಆರ್#6 ಎಂದು ಕೈಯಾರೆ ಟೈಪ್ ಮಾಡಬೇಕು.

ಆ ನಾಲ್ಕು ಬೈಟುಗಳಲ್ಲಿ ಒಂದು ಸೊಗಸಿದೆ. ಅವು ಬರೀ ಗುರುತಲ್ಲ, ನಿಜವಾದ ಆದೇಶಗಳ ಭಾಗ (ಎಕ್ಸ್, ವೈ ಎಂದರೆ ಪ್ರೊಸೆಸರಿನೊಳಗಿನ ಪುಟ್ಟ ಖಾನೆಗಳು): ಎಕ್ಸ್‌ಗೆ $20 ಹಾಕು, ವೈಗೆ $00 ಹಾಕು, ಎಕ್ಸ್‌ಗೆ $03 ಹಾಕು, ಎಕ್ಸನ್ನು $3ಸಿಯಲ್ಲಿ ಇಡು. ಮೊದಲ ಆದೇಶದಿಂದ ಉಪಯೋಗವೇ ಇಲ್ಲ, ಮೂರನೆಯದು ಅದನ್ನು ಅಳಿಸಿಬಿಡುತ್ತದೆ. ಗುರುತು ಕೂಡಿಬರಲಿ ಎಂದು ಮಾತ್ರ ಅದು ಅಲ್ಲಿದೆ. 256 ಬೈಟಿನೊಳಗೆ ಎಲ್ಲವನ್ನೂ ತುರುಕಬೇಕಾದವರು ಎರಡು ಬೈಟನ್ನು ಹೀಗೆ ಬಿಟ್ಟುಕೊಟ್ಟದ್ದು ದೊಡ್ಡ ಮನಸ್ಸೇ ಸರಿ.

ಮುಂದಿನ ಕೆಲಸ, ತಾನು ಯಾವ ಸ್ಲಾಟಿನಲ್ಲಿ ಇದ್ದೇನೆ ಎಂದು ಪತ್ತೆ ಮಾಡುವುದು. ಕಾರ್ಡ್ ಯಾವ ಸ್ಲಾಟಿಗೆ ಬೇಕಾದರೂ ಹೋಗಬಹುದಾದ್ದರಿಂದ ವಿಳಾಸವನ್ನು ಮೊದಲೇ ಬರೆದಿಡುವಂತಿಲ್ಲ. ಅದಕ್ಕೆ ಪ್ರೋಗ್ರಾಂ $ಎಫ್‌ಎಫ್58ಕ್ಕೆ ಒಂದು ಕರೆ ಹಾಕುತ್ತದೆ. ಅಲ್ಲಿರುವುದು ‘ಹಿಂತಿರುಗು’ ಎಂಬ ಆದೇಶ ಮಾತ್ರ. ಹೋಗಿ ಬರುವಷ್ಟರಲ್ಲಿ ವಾಪಸಾಗಬೇಕಾದ ವಿಳಾಸ ಸ್ಟ್ಯಾಕ್ ಎಂಬ ತಾತ್ಕಾಲಿಕ ಮೆಮೊರಿಯಲ್ಲಿ ಉಳಿದಿರುತ್ತದೆ. ಅದರ ಮೇಲಿನ ಬೈಟು $ಸಿ6. ಎಡಕ್ಕೆ ನಾಲ್ಕು ಬಿಟ್ ಜರುಗಿಸಿದರೆ ಸಿ ಬಿದ್ದುಹೋಗಿ $60 ಉಳಿಯುತ್ತದೆ. ಆಮೇಲೆ ಡ್ರೈವಿನ ಎಲ್ಲ ಸ್ವಿಚ್‌ಗಳ ವಿಳಾಸವನ್ನೂ ಈ $60 ಕೂಡಿಸಿ ಲೆಕ್ಕ ಹಾಕುವುದು. ಉದಾಹರಣೆಗೆ $ಸಿ0ಇ9ಅನ್ನು ಮುಟ್ಟಿದರೆ ಮೋಟಾರು ಶುರು, $ಸಿ0ಇ8ಅನ್ನು ಮುಟ್ಟಿದರೆ ಬಂದ್.

ಈಗ ಖಟಖಟ. ಹೆಡ್ ಎಲ್ಲಿದೆ ಎಂದು ಯಂತ್ರಕ್ಕೆ ಗೊತ್ತಿಲ್ಲ, ಕೇಳಲು ಸೆನ್ಸರೂ ಇಲ್ಲ. ಆದ್ದರಿಂದ ಸುಮಾರು 80 ಹೆಜ್ಜೆ ಹೊರಗಿನ ಅಂಚಿನ ಕಡೆಗೆ ಸರಿ ಎಂದು ಆಜ್ಞೆ ಕೊಡುತ್ತದೆ. ಎರಡು ಹೆಜ್ಜೆಗೆ ಒಂದು ಟ್ರ್ಯಾಕ್, ಡಿಸ್ಕಿನಲ್ಲಿ ಇರುವುದು 35 ಟ್ರ್ಯಾಕ್. ಹೆಡ್ ಎಲ್ಲೇ ಇದ್ದರೂ 80 ಹೆಜ್ಜೆಯೊಳಗೆ ಸೊನ್ನೆಗೆ ಬಂದೇ ಬರುತ್ತದೆ. ಬಂದ ಮೇಲೂ ಹೆಜ್ಜೆ ಉಳಿದಿದ್ದರೆ ತಡೆಗೆ ಬಡಿದುಕೊಳ್ಳುತ್ತಿರುತ್ತದೆ. ಹೆಜ್ಜೆಗೆ 19 ಮಿಲಿಸೆಕೆಂಡ್ ಚಿಲ್ಲರೆ, ಒಟ್ಟು ಒಂದೂವರೆ ಸೆಕೆಂಡ್. ಮೋಟಾರು ನಿಮಿಷಕ್ಕೆ 300 ಸುತ್ತಿನ ವೇಗ ಹಿಡಿಯಲೂ ಅಷ್ಟು ಸಮಯ ಬೇಕೇ ಬೇಕು, ಹಾಗಾಗಿ ಬೇರೆ ಕಾಯುವ ಆದೇಶ ಬರೆಯುವ ಗೋಜಿಲ್ಲ.

ಸೊನ್ನೆಯ ಟ್ರ್ಯಾಕಿನಲ್ಲಿ ನಿಂತ ಮೇಲೆ ಓದು. ಒಂದು ಬಿಟ್‌ಗೆ 4 ಮೈಕ್ರೊಸೆಕೆಂಡ್, ಬೈಟಿಗೆ 32. ಪ್ರೊಸೆಸರಿನ ವೇಗ 1 ಮೆಗಾಹರ್ಟ್ಸ್‌ಗಿಂತ ಚೂರು ಹೆಚ್ಚು. ಅಂದರೆ ಒಂದು ಬೈಟು ಬಂದು ಇನ್ನೊಂದು ಬರುವುದರೊಳಗೆ ಸಿಗುವುದು 32 ಗಡಿಯಾರದ ಬಡಿತ ಮಾತ್ರ. ಬೈಟಿನ ಮೇಲಿನ ಬಿಟ್ 1 ಆಗುವ ತನಕ ಸುತ್ತುತ್ತಾ ಕಾಯುವುದು, ಆದೊಡನೆ ಎತ್ತಿಕೊಳ್ಳುವುದು. ಡಿಸ್ಕಿನ ಮೇಲೆ ಬರೆದ ಪ್ರತಿ ಬೈಟಿನ ಮೇಲಿನ ಬಿಟ್ 1 ಆಗಿರಲೇಬೇಕು ಎಂಬ ಕಟ್ಟಳೆ ಇರುವುದು ಇದಕ್ಕೇ. ಜೊತೆಗೆ ಸಾಲಾಗಿ ಎರಡಕ್ಕಿಂತ ಹೆಚ್ಚು ಸೊನ್ನೆ ಬರುವಂತಿಲ್ಲ, ಹೆಚ್ಚಾದರೆ ಓದುವ ಸರ್ಕ್ಯೂಟು ಎಣಿಕೆ ತಪ್ಪುತ್ತದೆ. ಇಂಥ ನಿಯಮಗಳನ್ನೆಲ್ಲ ದಾಟಿ ಬರುವ ಬೈಟುಗಳಲ್ಲಿ $ಡಿ5 ಮತ್ತು $ಎಎ ಎರಡನ್ನು ಗುರುತಿಗೆಂದು ಎತ್ತಿಟ್ಟರೆ ಉಳಿಯುವುದು 64. ಹಾಗಾಗಿ ಡಿಸ್ಕಿನ ಒಂದು ಬೈಟು ಹೊರುವುದು ಆರು ಬಿಟ್ ಮಾತ್ರ. 256 ಬೈಟಿನ ಸೆಕ್ಟರು ಡಿಸ್ಕಿನ ಮೇಲೆ 342 ಬೈಟಾಗಿ ಕೂರುತ್ತದೆ, ತಪ್ಪು ಹಿಡಿಯುವ ಮೊತ್ತಕ್ಕೆ ಇನ್ನೊಂದು.

ಪ್ರೋಗ್ರಾಂ ಹುಡುಕುವುದು $ಡಿ5 $ಎಎ $96 ಎಂಬ ಮೂರು ಬೈಟಿನ ಸಾಲನ್ನು. ಅದು ಸೆಕ್ಟರಿನ ವಿಳಾಸದ ಶುರು. ಟ್ರ್ಯಾಕ್ 0, ಸೆಕ್ಟರ್ 0 ಎಂದು ಖಾತ್ರಿಯಾದರೆ $ಡಿ5 $ಎಎ $ಎಡಿ ಹುಡುಕುತ್ತದೆ, ಅಲ್ಲಿಂದ ಮಾಹಿತಿ. ಓದಿದ್ದನ್ನು ಬಿಡಿಸಿ $800ರಲ್ಲಿ ಇಡುತ್ತದೆ. ಮೊತ್ತ ತಾಳೆಯಾಗದಿದ್ದರೆ ಮತ್ತೆ ಮೊದಲಿಂದ. ಎಷ್ಟು ಸಲ? ಲೆಕ್ಕವೇ ಇಲ್ಲ. ಸೋತೆ ಎಂದು ಹೇಳಲು ಇದಕ್ಕೆ ಬರುವುದಿಲ್ಲ. ಡ್ರೈವಿನಲ್ಲಿ ಡಿಸ್ಕ್ ಇಲ್ಲದಿದ್ದರೆ ದಿನವಿಡೀ ತಿರುಗುತ್ತಲೇ ಇರುತ್ತದೆ. ನಿಲ್ಲಿಸಬೇಕಾದರೆ ಕಂಟ್ರೋಲ್ ಹಿಡಿದು ರಿಸೆಟ್ ಒತ್ತಬೇಕು. ಡಾಸ್ ಇಲ್ಲದ ಬರೀ ಬೇಸಿಕ್ ಸಿಗುತ್ತದೆ.

ಡಿಸ್ಕಿನಿಂದ ಬಂದ ಮೊದಲ ಸೆಕ್ಟರು

$800ರ ಮೊದಲ ಬೈಟು ಆದೇಶವಲ್ಲ, ಎಷ್ಟು ಸೆಕ್ಟರು ಓದಬೇಕು ಎಂಬ ಎಣಿಕೆ. ಡಾಸ್ 3.3ರಲ್ಲಿ ಅದು 1. ಎಣಿಕೆ ಮುಗಿದೊಡನೆ ರೋಮ್ $801ಕ್ಕೆ ಹಾರಿ ಅಧಿಕಾರ ಬಿಟ್ಟುಕೊಡುತ್ತದೆ. ಅಲ್ಲಿರುವುದು ಡಾಸೋ, ಪಾಸ್ಕಲ್ಲೋ, ಪ್ರೊಡಾಸೋ, ಯಾವುದೋ ಆಟವೋ ಅದಕ್ಕೆ ಬೇಡದ ವಿಷಯ. 1980ರಲ್ಲಿ ಮೈಕ್ರೋಸಾಫ್ಟ್ ತಂದ, ಜೆಡ್-80 ಎಂಬ ಬೇರೆ ಪ್ರೊಸೆಸರಿನ ಸಾಫ್ಟ್‌ಕಾರ್ಡಿನ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಡಿಸ್ಕು ಕೂಡ ಮೊದಲ ಸೆಕ್ಟರಿನಲ್ಲಿ 6502ರ ಭಾಷೆಯನ್ನೇ ಆಡಬೇಕು.

ಈ 256 ಬೈಟಿಗೆ ಡಿಸ್ಕ್ ಓದಲು ಬರುವುದಿಲ್ಲ, ಅಷ್ಟು ಜಾಗ ಅದರಲ್ಲಿ ಇಲ್ಲ. ಅದಕ್ಕೇ ರೋಮ್‌ನ ಓದುವ ಭಾಗವನ್ನೇ, $ಸಿ65ಸಿಯಿಂದ ಶುರುವಾಗುವುದನ್ನು, ಎರವಲು ಪಡೆಯುತ್ತದೆ. ಆದರೆ ಆ ಭಾಗ ಮುಗಿಯುವುದು ‘ಹಿಂತಿರುಗು’ ಎಂದಲ್ಲ, ‘$801ಕ್ಕೆ ಹಾರು’ ಎಂದು. ಹಾಗಾಗಿ ಒಂದೊಂದು ಸೆಕ್ಟರು ಓದಿದಾಗಲೂ ಈ ಪ್ರೋಗ್ರಾಂ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಇದು ಮೊದಲ ಸಲವೋ ಅಲ್ಲವೋ ಎಂದು ತಿಳಿಯಲು $27ರಲ್ಲಿ 9 ಇದೆಯೇ ನೋಡುತ್ತದೆ. $800ರ ಪುಟ ಮುಗಿದಾಗ ಅಲ್ಲಿ ಉಳಿಯುವ ಸಂಖ್ಯೆ ಅದು.

ಹೀಗೆ ಸೊನ್ನೆಯ ಟ್ರ್ಯಾಕಿನ ಹತ್ತು ಸೆಕ್ಟರು, 9ರಿಂದ ಹಿಂದಕ್ಕೆ 0ಯವರೆಗೆ, ಬರುತ್ತವೆ. ಹಿಂದಕ್ಕೆ ಏಕೆ? ಒಂದು ಸೆಕ್ಟರು ಓದಿ ಬಿಡಿಸುವಷ್ಟರಲ್ಲಿ ಅದರ ಪಕ್ಕದ್ದು ಹೆಡ್ಡಿನ ಕೆಳಗೆ ದಾಟಿಹೋಗಿರುತ್ತದೆ. ಅದೇ ಬೇಕೆಂದರೆ ಇನ್ನೊಂದು ಸುತ್ತು, ಅಂದರೆ 200 ಮಿಲಿಸೆಕೆಂಡ್, ಕಾಯಬೇಕು. ಆದ್ದರಿಂದ ಡಾಸ್ ಒಂದು ಪಟ್ಟಿ ಇಟ್ಟುಕೊಂಡಿದೆ. ಅದರ ಪ್ರಕಾರ 9ನೇ ಸೆಕ್ಟರು ಡಿಸ್ಕಿನ ಮೇಲೆ ಇರುವುದು 12ನೇ ಜಾಗದಲ್ಲಿ, 8ನೆಯದು 14ರಲ್ಲಿ, 7ನೆಯದು 1ರಲ್ಲಿ, 6ನೆಯದು 3ರಲ್ಲಿ. ಇಳಿಯುತ್ತಾ ಓದಿದರೆ ಒಂದು ಬಿಟ್ಟು ಒಂದು ಜಾಗ ಸಿಗುತ್ತಾ ಹೋಗುತ್ತದೆ. ನಡುವೆ ಸಿಗುವ 12.5 ಮಿಲಿಸೆಕೆಂಡು ಬಿಡಿಸುವ ಕೆಲಸಕ್ಕೆ. ಈ ಪಟ್ಟಿಯನ್ನು ನೆನಪಿಡಿ, ಫ್ಲಾಪಿಯ ಪ್ರತಿಯನ್ನು ಕಡತವಾಗಿಸಿದ ಡಿಸ್ಕ್ ಇಮೇಜ್‌ಗಳ ತಕರಾರು ಬರುವುದು ಇಲ್ಲಿಂದಲೇ.

ಬಂದ ಹತ್ತು ಸೆಕ್ಟರಿನಲ್ಲಿ ಆರ್‌ಡಬ್ಲ್ಯೂಟಿಎಸ್ ಇದೆ. ಯಾವ ಟ್ರ್ಯಾಕಿನ ಯಾವ ಸೆಕ್ಟರನ್ನಾದರೂ ಓದಬಲ್ಲ, ಬರೆಯಬಲ್ಲ ಪೂರ್ಣ ಪ್ರೋಗ್ರಾಂ ಅದು. ಇಲ್ಲಿಗೆ ರೋಮ್‌ನ ಹಂಗು ಹರಿಯಿತು. ಉಳಿದ ಡಾಸ್ 27 ಸೆಕ್ಟರು: ಟ್ರ್ಯಾಕ್ 2ರ ಸೆಕ್ಟರ್ 4ರಿಂದ ಹಿಂದಕ್ಕೆ, ಟ್ರ್ಯಾಕ್ 1 ಪೂರ್ತಿ, ಟ್ರ್ಯಾಕ್ 0ಯ 15ರಿಂದ 10ರವರೆಗೆ. ಹೆಡ್ ಟ್ರ್ಯಾಕಿನಿಂದ ಟ್ರ್ಯಾಕಿಗೆ ಸರಿಯುವ ಮೆತ್ತನೆಯ ಟಕ್ ಟಕ್ ಕೇಳಿಸುವುದು ಈ ಹೊತ್ತಿನಲ್ಲಿ.

48 ಕೆಬಿ ಯಂತ್ರದಲ್ಲಿ ಡಾಸ್ ನೆಲೆಸುವುದು ಮೆಮೊರಿಯ ತುದಿಯಲ್ಲಿ, ಕಡತಗಳ ಮಾಹಿತಿಯನ್ನು ತಾತ್ಕಾಲಿಕವಾಗಿ ಇಡುವ ತನ್ನ ಮೂರು ಬಫರುಗಳನ್ನೂ ಸೇರಿಸಿ ಹತ್ತೂವರೆ ಕೆಬಿ ನುಂಗಿಕೊಂಡು. ಬೇಸಿಕ್‌ಗೆ ಸಿಗುವ ಮೇಲಿನ ಗಡಿ 38400. ಹೊಸ ಡಿಸ್ಕನ್ನು ಸಿದ್ಧಪಡಿಸುವ ಇನಿಟ್ ಆದೇಶದಿಂದ ಮಾಡಿದ ಡಿಸ್ಕು, ಅದನ್ನು ಮಾಡಿದ ಯಂತ್ರದ ಮೆಮೊರಿಗೆ ತಕ್ಕ ವಿಳಾಸಗಳನ್ನೇ ಹೊತ್ತಿರುತ್ತದೆ. 48 ಕೆಬಿಯಲ್ಲಿ ಮಾಡಿದ್ದು 32 ಕೆಬಿ ಯಂತ್ರದಲ್ಲಿ ಬೂಟ್ ಆಗದು, ಇಲ್ಲದ ಮೆಮೊರಿಗೆ ಬರೆಯಲು ಹೋಗಿ ಸತ್ತುಬೀಳುತ್ತದೆ. ಸಿಸ್ಟಮ್ ಮಾಸ್ಟರ್ ಡಿಸ್ಕು ಹಾಗಲ್ಲ. ಅದು ಮೊದಲು ಕೆಳಗೆ, $1ಬಿ00ರಿಂದ $3ಎಫ್‌ಎಫ್‌ಎಫ್‌ವರೆಗೆ ಇಳಿದು, ಯಂತ್ರದಲ್ಲಿ ಎಷ್ಟು ಮೆಮೊರಿ ಇದೆ ಎಂದು ಅಳೆದು, ತುದಿಗೆ ಸ್ಥಳಾಂತರವಾಗುತ್ತದೆ.

ಕೊನೆಗೆ ಪರದೆಯಲ್ಲಿ ಬೇಸಿಕ್‌ನ ಚೌಕ ಆವರಣದ ಗುರುತು ಮೂಡುತ್ತದೆ, ಡಾಸ್ ಡಿಸ್ಕಿನ 17ನೇ ಟ್ರ್ಯಾಕಿಗೆ ಹೋಗಿ ಕಡತಗಳ ಪಟ್ಟಿಯಲ್ಲಿ ಹೆಲೋ ಎಂಬ ಪ್ರೋಗ್ರಾಮನ್ನು ಹುಡುಕಿ ಓಡಿಸುತ್ತದೆ. ಅದು ಅಳಿಸಿಹೋಗಿದ್ದರೆ ‘ಫೈಲ್ ನಾಟ್ ಫೌಂಡ್’ ಎನ್ನುತ್ತದೆ. ಗಾಬರಿ ಬೇಡ, ಡಾಸ್ ಪೂರ್ತಿ ಬಂದಿದೆ, ಕೆಟಲಾಗ್ ಎಂದು ಹೊಡೆದರೆ ಪಟ್ಟಿ ಸಿಗುತ್ತದೆ.

ಡಾಸ್ ನಂತರ ಬಂದ 1983ರ ಪ್ರೊಡಾಸ್ ಇದೇ ರೋಮನ್ನು ಬಳಸಿಯೂ ಬೇರೆ ದಾರಿ ಹಿಡಿಯಿತು. ಸಿಸ್ಟಮ್ಮಿಗೆಂದು ಟ್ರ್ಯಾಕುಗಳನ್ನು ಕಾದಿರಿಸುವ ಬದಲು, ಮೊದಲ ಬ್ಲಾಕಿನ ಪ್ರೋಗ್ರಾಮೇ ಕಡತಪಟ್ಟಿಯನ್ನು ಓದಿ ಪ್ರೊಡಾಸ್ ಹೆಸರಿನ ಕಡತವನ್ನು $2000ಕ್ಕೆ ತರುತ್ತದೆ. ಸಿಗದಿದ್ದರೆ ‘ಅನೇಬಲ್ ಟು ಲೋಡ್ ಪ್ರೊಡಾಸ್’ ಎಂದು ಬಾಯಿಬಿಟ್ಟು ಹೇಳುತ್ತದೆ. ಐಬಿಎಂ ಪಿಸಿಯ ಕ್ರಮವೂ ಹೆಚ್ಚುಕಡಿಮೆ ಇದೇ: ರೋಮ್‌ನಲ್ಲಿರುವ ಬಯೋಸ್ ಎಂಬ ಪ್ರೋಗ್ರಾಂ ಡಿಸ್ಕಿನ ಮೊದಲ 512 ಬೈಟನ್ನು ತರುತ್ತದೆ, ಅದು ಮುಂದಿನ ಸಿಸ್ಟಮ್ ಕಡತಗಳನ್ನು ತರುತ್ತದೆ. ಕಂಪ್ಯೂಟರ್ ಕ್ಲಾಸಿಗೆ ಹೋದವರೆಲ್ಲ ಕಂಡಿರುವ ‘ನಾನ್-ಸಿಸ್ಟಮ್ ಡಿಸ್ಕ್’ ಸಂದೇಶ ಕಂಪ್ಯೂಟರಿನದ್ದಲ್ಲ, ಆ ಫ್ಲಾಪಿಯ ಮೊದಲ ಸೆಕ್ಟರಿನದ್ದು.

ರೋಮ್ ಯಾರನ್ನೂ ಪರೀಕ್ಷಿಸದೆ ಅಧಿಕಾರ ಕೊಡುತ್ತದೆಂಬುದರ ಇನ್ನೊಂದು ಮುಖ 1982ರ ಎಲ್ಕ್ ಕ್ಲೋನರ್. ರಿಚ್ ಸ್ಕ್ರೆಂಟಾ ಎಂಬ ಶಾಲಾಹುಡುಗ ಬರೆದ ಈ ವೈರಸ್ಸು ಬೂಟ್ ಆಗುವಾಗ ಡಾಸ್ ಜೊತೆಗೇ ಮೆಮೊರಿಗೆ ಬಂದು, ಆಮೇಲೆ ಹಾಕಿದ ಡಿಸ್ಕಿಗೂ ಅಂಟಿಕೊಳ್ಳುತ್ತಿತ್ತು. 50ನೇ ಬೂಟಿಗೊಮ್ಮೆ ಪರದೆಯಲ್ಲಿ ಪದ್ಯ ತೋರಿಸುತ್ತಿತ್ತು.

ಮೊದಲ ಸೆಕ್ಟರನ್ನು ಹಿಡಿದು ನೋಡುವುದು

ಸ್ಲಾಟ್ ಪತ್ತೆಯ ಆ ಉಪಾಯದಲ್ಲಿ ಮೇಲಿನ ಅಂಕಿ ಬಿದ್ದುಹೋಗುತ್ತದೆ ಎಂದೆವಲ್ಲ, ಅದರಿಂದ ಒಂದು ಲಾಭವಿದೆ. ರೋಮ್‌ನ ಪ್ರತಿಯನ್ನು $8600ಕ್ಕೆ ತಂದಿಟ್ಟು ಓಡಿಸಿದರೂ ಅದು ತಾನು ಸ್ಲಾಟ್ 6ರಲ್ಲೇ ಇದ್ದೇನೆಂದು ನಂಬುತ್ತದೆ. ಮಾನಿಟರ್ ಎಂದರೆ ಇಲ್ಲಿ ಪರದೆಯಲ್ಲ, ಮೆಮೊರಿಯನ್ನು ನೇರವಾಗಿ ನೋಡಿ ತಿದ್ದಲು ರೋಮ್‌ನಲ್ಲೇ ಇರುವ ಪ್ರೋಗ್ರಾಂ; ಅದಕ್ಕೆ ಹೋಗಲು ಬೇಸಿಕ್‌ನಲ್ಲಿ ಕಾಲ್ -151 ಎಂದು ಹೊಡೆಯಿರಿ. ಮಾನಿಟರಿನ ಎಂ ಆದೇಶದಿಂದ $ಸಿ600ರಿಂದ $ಸಿ6ಎಫ್‌ಎಫ್‌ವರೆಗಿನದ್ದನ್ನು $8600ಕ್ಕೆ ನಕಲು ಮಾಡಿ. $86ಎಫ್8ರಲ್ಲಿ 4ಸಿ 01 08 ಎಂಬ ಮೂರು ಬೈಟು ಇರುತ್ತವೆ, ಅದೇ ‘$801ಕ್ಕೆ ಹಾರು’. ಅದನ್ನು 4ಸಿ 59 ಎಫ್‌ಎಫ್ ಎಂದು ತಿದ್ದಿ 8600ಜಿ ಎನ್ನಿ. ಡ್ರೈವ್ ಖಟಖಟಿಸಿ, ಮೊದಲ ಸೆಕ್ಟರನ್ನು ಓದಿ, ಮಾನಿಟರಿಗೆ ವಾಪಸು ಬರುತ್ತದೆ. ಮೋಟಾರು ತಿರುಗುತ್ತಲೇ ಇರುತ್ತದೆ. ಸಿ0ಇ8 ಎಂದು ಹೊಡೆದರೆ ನಿಲ್ಲುತ್ತದೆ. ಈಗ 801ಎಲ್ ಎಂದರೆ ಡಿಸ್ಕಿನ ಮೊದಲ ಪ್ರೋಗ್ರಾಂ ಕಣ್ಣೆದುರು. ಅದು ನಡೆಯುವ ಮುನ್ನವೇ ಹಿಡಿದಿದ್ದೀರಿ.

ಕಾಪಿ ಮಾಡಲಾಗದಂತೆ ಬೀಗ ಹಾಕಿದ ಆಟದ ಡಿಸ್ಕುಗಳನ್ನು ಬಿಡಿಸಿದವರು ಶುರುಮಾಡಿದ್ದು ಇಲ್ಲಿಂದಲೇ. ಉಳಿದ ಟ್ರ್ಯಾಕುಗಳಲ್ಲಿ $ಡಿ5 $ಎಎ $96 ಬದಲಿಗೆ ಏನನ್ನು ಬೇಕಾದರೂ ಬರೆಯಬಹುದು, ಮೊದಲ ಸೆಕ್ಟರಿನಲ್ಲಿ ಮಾತ್ರ ಆಗದು. ರೋಮ್‌ಗೆ ಅರ್ಥವಾಗುವುದು ಅದೊಂದೇ.

ಎಲ್ಲಿ ನಿಂತಿತು?

ಬೀಪೂ ಇಲ್ಲ, ಹೆಸರೂ ಇಲ್ಲ ಎಂದರೆ ಡಿಸ್ಕಿನ ಮಾತು ಆಮೇಲೆ. ಅಮೆರಿಕದಿಂದ ತಂದ ಯಂತ್ರವಾದರೆ ಅದರ ಪವರ್ ಸಪ್ಲೈ 110 ವೋಲ್ಟಿನದು. ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230 ವೋಲ್ಟಿಗೆ ಹಾಕಿದರೆ ಹೊಗೆಯೇ ಗತಿ.

ಹೆಸರು ಬಂತು, ದೀಪ ಹೊತ್ತಲಿಲ್ಲ: ಕಾರ್ಡನ್ನು ರೋಮ್ ಗುರುತಿಸಲಿಲ್ಲ, ಅಥವಾ ಡ್ರೈವಿನ ಕೇಬಲ್ ಕಾರ್ಡಿನ ಎರಡನೇ ಡ್ರೈವಿನ ಕಡೆಗಿದೆ. ಕಾರ್ಡಿನ ಅಂಚಿನ ಸಂಪರ್ಕಗಳನ್ನು ಒರೆಸಿ ಮತ್ತೆ ಕೂರಿಸಿ, ಕೇಬಲ್ಲನ್ನು ‘ಡ್ರೈವ್ 1’ ಎಂದಿರುವ ಕಡೆ ಹಾಕಿ. ಇವೆಲ್ಲ ಕರೆಂಟು ತೆಗೆದು ಮಾಡಬೇಕಾದ ಕೆಲಸ. 20 ಪಿನ್ನಿನ ಆ ಕೇಬಲ್ ಒಂದು ಪಿನ್ ಆಚೀಚೆ ಕೂತರೂ ತಡೆಯುವ ಕಿವಿ ಅದಕ್ಕಿಲ್ಲ. ಹಾಗೆ ಹಾಕಿ ಸ್ವಿಚ್ ಒತ್ತಿದರೆ 12 ವೋಲ್ಟು ಹೋಗಬಾರದ ಕಡೆ ಹೋಗಿ ಡ್ರೈವಿನ ಅನಲಾಗ್ ಬೋರ್ಡಿನ 74ಎಲ್‌ಎಸ್125 ಚಿಪ್ಪನ್ನು ಸುಡುತ್ತದೆ. ಡಿಸ್ಕ್ ಟು ರಿಪೇರಿಯಲ್ಲಿ ಬದಲಿಸಬೇಕಾಗಿ ಬರುವ ಚಿಪ್ ಹೆಚ್ಚಾಗಿ ಇದೇ. ಅಗ್ಗದ್ದು, ಎರಡು ತಂದಿಟ್ಟುಕೊಳ್ಳಿ.

ಖಟಖಟ ಆಯಿತು, ಆಮೇಲೆ ಬರೀ ತಿರುಗಾಟ: ರೋಮ್‌ಗೆ ಮೊದಲ ಸೆಕ್ಟರು ಸಿಗುತ್ತಿಲ್ಲ. ಖಾಲಿ ಡಿಸ್ಕಾಗಿರಬಹುದು. 1980ಕ್ಕೆ ಮುಂಚಿನ, ಟ್ರ್ಯಾಕಿಗೆ 13 ಸೆಕ್ಟರಿನ ಡಾಸ್ 3.2 ಡಿಸ್ಕಾಗಿರಬಹುದು, ಅದರ ವಿಳಾಸ ಶುರುವಾಗುವುದು $ಡಿ5 $ಎಎ $ಬಿ5 ಎಂದು, ಹೊಸ ರೋಮ್ ಅದನ್ನು ಕಣ್ಣೆತ್ತಿಯೂ ನೋಡದು. ಕಾರ್ಡೇ ಹಳೆಯದಾಗಿದ್ದರೆ ಇದರ ಉಲ್ಟಾ. ಆಗ ಕಾರ್ಡಿಗೆ ಪಿ5ಎ, ಪಿ6ಎ ಎಂಬ ಹೊಸ ಚಿಪ್ಪುಗಳೆರಡನ್ನೂ ಒಟ್ಟಿಗೇ ಹಾಕಬೇಕು, ಒಂದನ್ನೇ ಹಾಕಿದರೆ ಎರಡರಲ್ಲಿ ಯಾವ ಬಗೆಯ ಡಿಸ್ಕನ್ನೂ ಓದದು.

ಡಿಸ್ಕು ಸರಿಯಿದೆ ಎಂದು ಗೊತ್ತಿದ್ದರೆ ಮುಂದಿನ ಅನುಮಾನ ಹೆಡ್ಡಿನ ಕೊಳೆ. ಈ ಡ್ರೈವಿನಲ್ಲಿ ಹೆಡ್ ಕೆಳಗಿದೆ, ಮೇಲಿರುವುದು ಡಿಸ್ಕನ್ನು ಒತ್ತಿ ಹಿಡಿಯುವ ಉಣ್ಣೆಯ ಪ್ಯಾಡು. ಹತ್ತಿ ಕಡ್ಡಿಗೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹೆಡ್ಡನ್ನು ಮೆಲ್ಲಗೆ ಒರೆಸಿ, ಪ್ಯಾಡಿಗೆ ತಾಗಿಸಬೇಡಿ. ಕರಾವಳಿ, ಮಲೆನಾಡಿನ ಮಳೆಗಾಲ ಕಂಡ ಫ್ಲಾಪಿಗಳಲ್ಲಿ ಬೂಷ್ಟು ಸಾಮಾನ್ಯ. ಕಿಟಕಿಯಲ್ಲಿ ಕಾಣುವ ಕಂದು ಮೈಮೇಲೆ ಮಂಕು ಚುಕ್ಕೆಗಳಿದ್ದರೆ ಡ್ರೈವಿಗೆ ಹಾಕಲೇಬೇಡಿ. ಒಂದು ಬೂಷ್ಟು ಹಿಡಿದ ಡಿಸ್ಕು ಹೆಡ್ಡನ್ನು ಕೊಳೆ ಮಾಡುತ್ತದೆ, ಆ ಹೆಡ್ಡು ಮುಂದಿನ ಒಳ್ಳೆಯ ಡಿಸ್ಕನ್ನು ಗೀರುತ್ತದೆ.

ಆಮೇಲೆ ವೇಗ. ಡ್ರೈವಿನ ತಳದಲ್ಲಿರುವ ರಾಟೆಯ ಮೇಲೆ ಕಪ್ಪು ಗೆರೆಗಳ ಎರಡು ವೃತ್ತಗಳಿವೆ, 60 ಹರ್ಟ್ಸಿಗೊಂದು, 50ಕ್ಕೊಂದು. ನಮ್ಮ ಕರೆಂಟು 50 ಹರ್ಟ್ಸ್. ಹಳೆಯ ಚೋಕ್ ಇರುವ ಟ್ಯೂಬ್‌ಲೈಟಿನ ಬೆಳಕಲ್ಲಿ ಆ ವೃತ್ತದ ಗೆರೆಗಳು ನಿಂತಂತೆ ಕಂಡರೆ ವೇಗ 300ಕ್ಕೆ ಸರಿಯಿದೆ. ಹರಿದಂತೆ ಕಂಡರೆ ಹಿಂಬದಿಯ ಪುಟ್ಟ ಮೋಟಾರ್ ಬೋರ್ಡಿನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ನೋಡಬೇಕು. ಎಲ್‌ಇಡಿ ದೀಪದ ಕೆಳಗೆ ಈ ಪರೀಕ್ಷೆಯನ್ನು ನಂಬುವಂತಿಲ್ಲ.

ಖಟಖಟ, ಸ್ವಲ್ಪ ಓದು, ಮತ್ತೆ ಖಟಖಟ: ಇದು ಒಳ್ಳೆಯ ಸುದ್ದಿ. ಎರಡನೇ ಸಲ ಬಡಿದದ್ದು ರೋಮ್ ಅಲ್ಲ, ಆರ್‌ಡಬ್ಲ್ಯೂಟಿಎಸ್. ಅಂದರೆ ಸೊನ್ನೆಯ ಟ್ರ್ಯಾಕ್ ಸರಿಯಾಗಿ ಬಂದಿದೆ, 1 ಅಥವಾ 2ರಲ್ಲಿ ಏನೋ ಕೆಟ್ಟಿದೆ. ಬೇರೆ ಡಿಸ್ಕಿನಲ್ಲೂ ಹೀಗೇ ಆದರೆ ಹೆಡ್ ಸರಿಯುವ ದಾರಿಯಲ್ಲಿ ಗ್ರೀಸು ಗಟ್ಟಿಯಾಗಿದೆ, ಇಲ್ಲವೇ ಸಾಲು ತಪ್ಪಿದೆ.

ಇಮೇಜ್ ಕಡತದಿಂದ ಬೂಟ್ ಮಾಡುವವರ ತೊಂದರೆ ಬೇರೆ. 143360 ಬೈಟಿನ ಅದೇ ಕಡತದಲ್ಲಿ ಸೆಕ್ಟರುಗಳನ್ನು ಡಾಸ್ ಕ್ರಮದಲ್ಲೂ ಜೋಡಿಸಬಹುದು, ಪ್ರೊಡಾಸ್ ಕ್ರಮದಲ್ಲೂ ಜೋಡಿಸಬಹುದು. ಗಾತ್ರ ನೋಡಿ ಯಾವುದೆಂದು ಹೇಳಲಾಗದು. ಸೆಕ್ಟರ್ 0 ಮತ್ತು 15 ಎರಡು ಕ್ರಮದಲ್ಲೂ ಒಂದೇ ಜಾಗದಲ್ಲಿವೆ, ನಡುವಿನವು ಅದಲುಬದಲು. ಆದ್ದರಿಂದ ಕ್ರಮ ತಪ್ಪಾದ ಇಮೇಜಿನಲ್ಲಿ ಮೊದಲ ಸೆಕ್ಟರು ಚೆನ್ನಾಗಿಯೇ ಬರುತ್ತದೆ, ಎರಡನೇ ಹಂತ ಅಡ್ಡಾದಿಡ್ಡಿ ಬಿದ್ದು ಬೀಪ್ ಹೊಡೆದು ಮಾನಿಟರಿಗೆ ಹೋಗುತ್ತದೆ. ಕಡತದ ಕೊನೆಯ ಹೆಸರನ್ನು ಡಿಒ ಅಥವಾ ಪಿಒ ಎಂದು ಬದಲಿಸಿ ನೋಡಿದರೆ ಹೆಚ್ಚಿನ ಸಲ ಸರಿಹೋಗುತ್ತದೆ.

ಬೂಟ್ ಡಿಸ್ಕೇ ಇಲ್ಲದವರಿಗೆ ಆಪಲ್ ಟು, ಟು ಪ್ಲಸ್, ಟು ಇಗಳ ಹಿಂದಿರುವ ಕ್ಯಾಸೆಟ್ ತೂತು ಆಸರೆ. ಎಡಿಟಿಪ್ರೊ ಎಂಬ ಉಚಿತ ಪ್ರೋಗ್ರಾಂ ಈಗಿನ ಕಂಪ್ಯೂಟರಿನ ಹೆಡ್‌ಫೋನ್ ತೂತಿನಿಂದ ಸದ್ದಿನ ರೂಪದಲ್ಲಿ ಆಪಲ್‌ಗೆ ಇಳಿಯುತ್ತದೆ, ಆಮೇಲೆ ಇಮೇಜನ್ನು ಫ್ಲಾಪಿಗೆ ಬರೆಯುತ್ತದೆ. ಫ್ಲಾಪಿ 5.25 ಇಂಚಿನ ಡಬಲ್ ಡೆನ್ಸಿಟಿಯದ್ದೇ ಆಗಿರಬೇಕು. 1.2 ಎಂಬಿಯ ಹೈ ಡೆನ್ಸಿಟಿ ಡಿಸ್ಕಿಗೆ ಬೇಕಾದಷ್ಟು ಬಲವಾಗಿ ಬರೆಯಲು ಈ ಡ್ರೈವಿಗೆ ಆಗದು; ಇವತ್ತು ಓದಿದಂತೆ ಕಂಡದ್ದು ನಾಳೆ ಓದುವುದಿಲ್ಲ. ಪ್ರತಿ ತೆಗೆಯಲು ಸಿಸ್ಟಮ್ ಮಾಸ್ಟರಿನ ಕಾಪಿಎ ಬಳಸಿ, ಅದು ಡಿಸ್ಕಿನ 35 ಟ್ರ್ಯಾಕನ್ನೂ ನಕಲು ಮಾಡುತ್ತದೆ. ಫಿಡ್ ಎಂಬ ಇನ್ನೊಂದು ಪ್ರೋಗ್ರಾಂ ಮುಟ್ಟುವುದು ಕಡತಗಳನ್ನು ಮಾತ್ರ, ಮೊದಲ ಮೂರು ಟ್ರ್ಯಾಕಿನ ಡಾಸನ್ನಲ್ಲ. ಬೂಟ್ ಆದ ಮೇಲೆ ಮೂಲ ಡಿಸ್ಕಿನ ಅಂಚಿನ ಕಚ್ಚಿಗೆ ಸ್ಟಿಕ್ಕರು ಅಂಟಿಸಿ ಎತ್ತಿಟ್ಟುಬಿಡಿ, ಮುಂದಿನ ಪ್ರಯೋಗಗಳೆಲ್ಲ ಪ್ರತಿಯ ಮೇಲೆ ನಡೆಯಲಿ.